ನಾರ್ಡೂ ತಿಂದ ಬರ್ಕ್, ವಿಲ್ಸ್ ಸತ್ತದ್ದೇಕೆ?

ಓದುಗರ ಪ್ರಶ್ನೆ: ಆಸ್ಟ್ರೇಲಿಯಾದ ಮೂಲನಿವಾಸಿಗಳು ತಲೆಮಾರುಗಳಿಂದ ತಿನ್ನುತ್ತಿದ್ದ ನಾರ್ಡೂ ಎಂಬ ಕಾಡುಗಿಡವನ್ನೇ ತಿಂದು ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರು ಸತ್ತರೆಂದು ಓದಿದೆ. ಅವರಿಗೆ ಆಗಿಬಂದದ್ದು ಇವರಿಗೇಕೆ ಆಗಲಿಲ್ಲ?

ಉತ್ತರದ ಬಹುಭಾಗ ಹಿಟ್ಟು ಮಾಡುವ ಕ್ರಮದಲ್ಲಿದೆ. ಉಳಿದದ್ದು, ಆ ಹಿಟ್ಟಿನ ಜೊತೆಗೆ ಇನ್ನೇನು ತಿನ್ನುತ್ತಿದ್ದರು ಎಂಬುದರಲ್ಲಿದೆ.

ನಾರ್ಡೂ ಒಂದು ಜರೀಗಿಡ. ನೋಡಿದರೆ ಹಾಗೆನಿಸುವುದಿಲ್ಲ, ಸಣ್ಣ ತೊಟ್ಟಿನ ತುದಿಯಲ್ಲಿ ನಾಲ್ಕು ಎಸಳಿನ ಎಲೆ. ಇದೇ ಕುಲದ ಗಿಡಗಳು ನಮ್ಮ ಕೆರೆಯಂಚಿನಲ್ಲಿ, ಭತ್ತದ ಗದ್ದೆಯಲ್ಲಿ ಕಳೆಯಾಗಿ ಬೆಳೆಯುತ್ತವೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ನೆರೆ ಇಳಿದ ಬಯಲನ್ನೆಲ್ಲ ನಾರ್ಡೂ ಆವರಿಸುತ್ತದೆ. ನೀರು ಆರಿ ಎಲೆ ಒಣಗಿದ ಮೇಲೂ ಬೀಜಕಗಳನ್ನು ಹೊತ್ತ ಗಟ್ಟಿ ಕಾಯಿಗಳು ನೆಲದಲ್ಲಿ ಉಳಿದಿರುತ್ತವೆ. ಬರಗಾಲದಲ್ಲೂ ಆರಿಸಿಕೊಳ್ಳಬಹುದಾದ ಆಹಾರ ಎಂಬುದೇ ಅದರ ಬೆಲೆ.

ಆದರೆ ಆ ಕಾಯಿಯಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಬಿ1 ತೀರ ಕಡಿಮೆಯಾದರೆ ಬೆರಿಬೆರಿ ರೋಗ ಬರುತ್ತದೆ: ಕಾಲುಗಳಲ್ಲಿ ಬಲವಿರುವುದಿಲ್ಲ, ಹೃದಯ ಸೋಲುತ್ತದೆ. 1970ರ ದಶಕದಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ನಾರ್ಡೂ ಮೇದ ಕುರಿಗಳೂ ಇದೇ ಕಾರಣಕ್ಕೆ ಸತ್ತವು.

ಆ ಒಳನಾಡಿನ ಕೂಪರ್ ಕ್ರೀಕ್ ಎಂಬ ಹೊಳೆಯ ತೀರದ ಮೂಲನಿವಾಸಿಗಳಾದ ಯಾಂಡ್ರುವಾಂಡ ಜನ ಕಾಯಿಗಳನ್ನು ಹುರಿದು, ಕಲ್ಲಿನ ಮೇಲೆ ಅರೆದು, ಸಿಪ್ಪೆ ಬೇರ್ಪಡಿಸಿ, ಹಿಟ್ಟಿಗೆ ಧಾರಾಳವಾಗಿ ನೀರು ಬೆರೆಸುತ್ತಿದ್ದರು. ಅದನ್ನು ಗಂಜಿಯಾಗಿ ಕುಡಿಯುತ್ತಿದ್ದರು, ಇಲ್ಲವೇ ಬೂದಿಯಲ್ಲಿ ರೊಟ್ಟಿ ಸುಡುತ್ತಿದ್ದರು. ಶಾಖ ಮತ್ತು ನೀರು ಕಿಣ್ವದ ಹಾವಳಿಯನ್ನು ತಗ್ಗಿಸುತ್ತವೆ. ಕೆಸುವಿನ ತುರಿಕೆ ಮುರಿಯಲು ಹುಣಸೆಹುಳಿ ಹಾಕುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾರ್ಡೂ ಗಂಜಿಯನ್ನು ಯಾಂಡ್ರುವಾಂಡರು ಚಿಪ್ಪಿನಿಂದ ತೆಗೆದು ತಿನ್ನುತ್ತಿದ್ದರು. ಅನ್ವೇಷಕರು ಚಿಪ್ಪಿನ ಬದಲು ಎಲೆ ಬಳಸಿದ್ದೂ ಕಿಣ್ವಕ್ಕೆ ನೆರವಾಗಿರಬಹುದೆಂದು 1994ರಲ್ಲಿ 'ನೇಚರ್' ಪತ್ರಿಕೆಯ ಲೇಖನವೊಂದು ಊಹಿಸಿತು. ಚಿಪ್ಪಿನ ಮಾತು ನನಗೆ ಸ್ವಲ್ಪ ಜಾಣ ಊಹೆಯಾಗಿಯೇ ಕಾಣುತ್ತದೆ. ಹುರಿಯುವುದು, ನೀರು ಬೆರೆಸುವುದು ಹೆಚ್ಚು ತೂಕದ ಕಾರಣಗಳು.

ಇನ್ನು ಜೊತೆಗಿನ ಊಟ. ಯಾಂಡ್ರುವಾಂಡರಿಗೆ ನಾರ್ಡೂ ಜೊತೆಗೆ ಮೀನು, ಹಕ್ಕಿ, ಕಪ್ಪೆಚಿಪ್ಪಿನ ಮಾಂಸ ಇರುತ್ತಿತ್ತು. ಬರ್ಕ್, ವಿಲ್ಸ್ ಮತ್ತು ಅವರ ಸಂಗಡಿಗ ಕಿಂಗ್ 1861ರ ಏಪ್ರಿಲ್ 21ರಂದು ಉತ್ತರದ ಕರಾವಳಿಯ ಕಡೆಯಿಂದ ಬಸವಳಿದು ಕೂಪರ್ ಕ್ರೀಕ್‌ಗೆ ಮರಳಿದಾಗ, ಅವರಿಗಾಗಿ ಕಾದಿದ್ದ ತಂಡ ಅದೇ ಬೆಳಿಗ್ಗೆ ಹೊರಟುಹೋಗಿತ್ತು. ಮೂಲನಿವಾಸಿಗಳು ಮೀನು, ನಾರ್ಡೂ ರೊಟ್ಟಿ ಕೊಟ್ಟು ಉಪಚರಿಸಿದರು. ಬರ್ಕ್ ಒಮ್ಮೆ ಅವರಲ್ಲೊಬ್ಬನ ತಲೆಯ ಮೇಲಿಂದ ಗುಂಡು ಹಾರಿಸಿದ; ಇನ್ನೊಮ್ಮೆ ಅವರು ತಂದ ಮೀನಿನ ಬಲೆಗಳನ್ನು ಕೈಯಿಂದ ಕೆಡವಿ, ಗುಂಡು ಹಾರಿಸುವಂತೆ ಕಿಂಗ್‌ಗೆ ಕೂಗಿ ಹೇಳಿದ. ಅವರು ದೂರ ಸರಿದರು. ಅವರೊಂದಿಗೆ ಮೀನೂ ಹೋಯಿತು, ಅಡುಗೆಯ ಅರಿವೂ ಹೋಯಿತು. ಹೊಟ್ಟೆ ತುಂಬ ನಾರ್ಡೂ ತಿಂದರೂ ಮೈ ಕರಗುತ್ತಿದ್ದುದನ್ನು ವಿಲ್ಸ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಕೊನೆಗೆ ನಾಡಿಬಡಿತ 48ಕ್ಕೆ ಇಳಿದಿತ್ತು.

ಹಾಗೆಂದು ಎಲ್ಲ ಪಾಪವನ್ನೂ ನಾರ್ಡೂ ತಲೆಗೆ ಕಟ್ಟುವುದು ನ್ಯಾಯವಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆ, ಚಳಿ, ಬಳಲಿಕೆ ಅವರನ್ನು ಮೊದಲೇ ಹಣ್ಣು ಮಾಡಿದ್ದವು. ಕಿಂಗ್ ಮಾತ್ರ ಮತ್ತೆ ಯಾಂಡ್ರುವಾಂಡರನ್ನು ಹುಡುಕಿಕೊಂಡು ಹೋದ, ಅವರಿಗಾಗಿ ಹಕ್ಕಿ ಹೊಡೆದುಕೊಟ್ಟ, ಅವರು ಕೊಟ್ಟ ಮೀನು, ನಾರ್ಡೂ ತಿಂದು ಬದುಕಿದ. ಸೆಪ್ಟೆಂಬರ್‌ನಲ್ಲಿ, ಇವರನ್ನು ಹುಡುಕಿ ಬಂದ ಹೋವಿಟ್‌ನ ತಂಡ ಅವನನ್ನು ಕಂಡದ್ದು ಅವರ ನಡುವೆಯೇ.

ನಮ್ಮ ಗದ್ದೆಯ ನಾಲ್ಕೆಲೆ ಗಿಡವನ್ನು ತಿನ್ನಬಹುದೇ ಎಂಬ ಮುಂದಿನ ಪತ್ರಕ್ಕೂ ಈಗಲೇ ಉತ್ತರಿಸುತ್ತೇನೆ. ಬಂಗಾಳದಲ್ಲಿ ಅದರ ಎಲೆಯನ್ನು ಸುಶ್ನಿ ಶಾಕ ಎಂದು ಬೇಯಿಸಿ ಅನ್ನದೊಂದಿಗೆ ಉಣ್ಣುತ್ತಾರೆ. ಹಸಿಯಾಗಿ ಬೇಡ, ಚರಂಡಿ ಸೇರುವ ಕೆರೆಯದ್ದಂತೂ ಬೇಡವೇ ಬೇಡ.