ಪದ ಪರಿಚಯ: ಇಂಪ್ಯಾಕ್ಷನ್, ಅಂದ್ರ ವಯಸ್ಸಾದ ಗಂಡು ಗಿನಿ ಪಿಗ್‌ನ ಹಿಂದಿನ ತಾಪತ್ರಯ

ಗಿನಿ ಪಿಗ್ ಅಂದ್ರ ಹುಲ್ಲು ತಿನ್ನೂ, ಬಾಲ ಇಲ್ಲದ ಸಣ್ಣ ಸಾಕುಪ್ರಾಣಿ. ಗಂಡು ಗಿನಿ ಪಿಗ್ ಸಾಕಿದವ್ರು ಇವತ್ತಿಲ್ಲ ನಾಳೆ ಕೇಳೂ ಶಬ್ದ ಇದು, ಇಂಪ್ಯಾಕ್ಷನ್. ವಯಸ್ಸಾದ ಗಂಡಿನ ಗುದದ ಸುತ್ತಿನ ಸ್ನಾಯು ಸಡಿಲ ಬಿದ್ದು, ಮೆದು ಹಿಕ್ಕಿ ಹೊರಗ ಬರದ ಅಲ್ಲೇ ಚರ್ಮದ ಮಡಿಕಿಯೊಳಗ ಗಡ್ಡಿ ಕಟ್ಟಿ ಕುಂದ್ರೂದು, ಇಷ್ಟ ಅದರ ಅರ್ಥ. ಮುಟ್ಟಿದ್ರ ಹಿಂದ ಒಂದು ಉಂಡಿ ಹತ್ತಿದಂಗ ಆಗತೈತಿ, ನಾತ ಮಾತ್ರ ಕೇಳಬ್ಯಾಡ್ರಿ, ಪಂಜರ ಇಟ್ಟ ಖೋಲಿಯೊಳಗ ಕಾಲಿಟ್ರ ಗೊತ್ತಾಗತೈತಿ.

ಇದನ್ನ ನೋಡಿ ಮಂದಿ ಎರಡು ಮಾತು ಆಡ್ತಾರ. ಒಂದು, ಹೊಟ್ಟಿ ಕಟ್ಟೈತಿ, ಜುಲಾಬಿಗೆ ಕೊಡ್ರಿ. ಇನ್ನೊಂದು, ಹೊಲಸ ಪ್ರಾಣಿ, ಜಳಕಾ ಮಾಡಸ್ರಿ. ಎರಡೂ ತಪ್ಪು, ಎರಡರಿಂದನೂ ಪ್ರಾಣಿಗೆ ತ್ರಾಸ ಹೆಚ್ಚಾಗತೈತಿ ಹೊರತು ಕಡಿಮಿ ಆಗೂದಿಲ್ಲ. ಹೊಟ್ಟಿ ಕಟ್ಟಿದ್ರ ಹಿಕ್ಕಿನ ಬೀಳೂದಿಲ್ಲ, ಇಲ್ಲಿ ಹಂಗಲ್ಲ, ಇಂಪ್ಯಾಕ್ಷನ್ ಆದ ಗಂಡು ಗಟ್ಟಿ ಹಿಕ್ಕಿ ಹಾಕ್ಕೋಂತ ಇರತೈತಿ, ಹುಲ್ಲು ತಿನಕೋಂತ ಇರತೈತಿ, ನೋಡಿದವ್ರಿಗೆ ಆರಾಮ ಐತಿ ಅನಸ್ತೈತಿ, ಅದಕ್ಕ ಭಾಳ ದಿನ ಯಾರಿಗೂ ಗೊತ್ತ ಆಗೂದಿಲ್ಲ.

ಯಾಕ ಹಿಂಗ ಅಂತ ತಿಳೀಬೇಕಂದ್ರ ಗಿನಿ ಪಿಗ್ ಎರಡು ನಮೂನಿ ಹಿಕ್ಕಿ ಹಾಕ್ತೈತಿ ಅನ್ನೂದು ಮೊದಲ ಗೊತ್ತಿರಬೇಕು. ನಾವು ದಿನಾ ಕಸಬರಗಿಯಿಂದ ಗೂಡಿಸಿ ಚೆಲ್ಲೂದು ಗಟ್ಟಿ ಹಿಕ್ಕಿ. ಇನ್ನೊಂದು ನಮ್ಮ ಕಣ್ಣಿಗೆ ಬೀಳೂದ ಅಪರೂಪ. ತಿಂದ ಹುಲ್ಲು ಸಣ್ಣ ಕರುಳು ದಾಟಿ ಸೀಕಮ್ ಅನ್ನೂ ದೊಡ್ಡ ಕರುಳಿನ ಚೀಲಕ್ಕ ಬರ್ತೈತಿ, ಅಲ್ಲಿ ಬ್ಯಾಕ್ಟೀರಿಯಾ ಅದನ್ನ ಹುಳಿ ಬರಿಸಿ ಬಿ ಗುಂಪಿನ ವಿಟಮಿನ್ನು, ಪ್ರೋಟೀನು ತಯಾರ ಮಾಡ್ತಾವ, ಆದ್ರ ಅದನ್ನ ಚಲೋತ್ನಂಗ ಹೀರಕೊಳ್ಳೂ ಸಣ್ಣ ಕರುಳು ಆಗಲೇ ಹಿಂದ ಉಳದಿರತೈತಿ. ಅದಕ್ಕ ಆ ಮಾಲು ಮೆತ್ತನ್ನ ಹಿಕ್ಕಿ ಆಗಿ ಹೊರಗ ಬರೂ ಹೊತ್ತಿಗೆ ಪ್ರಾಣಿ ತಲಿ ಬಗ್ಗಿಸಿ ಸೀದಾ ಅಲ್ಲಿಂದನ ಬಾಯಿಗೆ ತೊಗೊಂಡು ಇನ್ನೊಮ್ಮೆ ತಿಂತೈತಿ. ಈ ಮೆದು ಹಿಕ್ಕಿಗೆ ಸೀಕೋಟ್ರೋಪ್ ಅಂತಾರ. ಕೇಳಿ ಮುಖ ಕಿವುಚಬ್ಯಾಡ್ರಿ, ಮೊಲನೂ ಇದನ್ನ ಮಾಡ್ತೈತಿ, ಹುಲ್ಲಿನ ಸಾರ ಪೂರ್ತಿ ಹಿಂಡಾಕ ಅವಕ್ಕ ಇರೂ ದಾರಿ ಇದು. ಎಮ್ಮಿ ಮೆಲಕು ಹಾಕಿದ್ರ ನಮಗ ಹೊಲಸ ಅನಸೂದಿಲ್ಲಲ್ಲ.

ಈಗ ಗಂಡಿನ ವಿಷಯಕ್ಕ ಬರೂಣು. ಗುದದ ಸುತ್ತ ಒಂದು ಚರ್ಮದ ಚೀಲದಂಥ ಮಡಿಕಿ ಇರತೈತಿ, ವಾಸನಿ ಬಿಡೂ ಗ್ರಂಥಿನೂ ಅಲ್ಲೇ, ಗಂಡಿನೊಳಗ ಈ ಮಡಿಕಿ ದೊಡ್ಡದು. ಸಣ್ಣ ವಯಸ್ಸಿನ್ಯಾಗ ಸ್ನಾಯು ಬಿಗಿ ಇರತೈತಿ, ಕೆಲಸ ಸರಳ ನಡೀತೈತಿ. ಸಾಮಾನ್ಯವಾಗಿ 3 ವರ್ಷ ದಾಟಿತು ಅಂದ್ರ, ಅದರಾಗೂ ಮೈ ಬಂದ ಗಂಡಾಗಿದ್ರ, ಆ ಸ್ನಾಯು ಅಜ್ಜಿ ಅಡಕಿ ಚೀಲದ ದಾರ ಸಡಿಲ ಆದಂಗ ಆಗತೈತಿ, ಎಳದ್ರೂ ಬಾಯಿ ಮುಚ್ಚೂದಿಲ್ಲ. ಗಟ್ಟಿ ಹಿಕ್ಕಿ ಹೆಂಗೋ ಉರುಳಿ ಬೀಳತಾವ, ಮೆದುವು ಒಂದಕ್ಕೊಂದು ಅಂಟಕೊಂಡು ಒಳಗ ಉಳೀತಾವ. ದಿನಾ ಸ್ವಲ್ಪ ಸ್ವಲ್ಪ ಕೂಡಿ ಮಡಿಕಿ ಹಿಗ್ಗತೈತಿ, ಹಿಗ್ಗಿದಷ್ಟು ಸ್ನಾಯು ಇನ್ನೂ ಸಡಿಲ, ಸಡಿಲ ಆದಷ್ಟು ಮತ್ತ ಕೂಡತೈತಿ. ಹೆಣ್ಣಿನೊಳಗ ಇದು ಕಾಣೂದ ಭಾಳ ಕಡಿಮಿ. ಗಿನಿ ಪಿಗ್ 5 ರಿಂದ 8 ವರ್ಷ ಬದುಕೂ ಪ್ರಾಣಿ, ಅಂದ್ರ ಇಂಪ್ಯಾಕ್ಷನ್ ಒಮ್ಮೆ ಶುರು ಆತಂದ್ರ ಅರ್ಧ ಆಯುಷ್ಯ ಅದರ ಜೋಡಿನ ಹೋಗೂದು.

ನಾತ ಬರ್ತೈತಿ ಅಂತ ಅದರ ಚಿಂತಿ ಮಾಡೂದು ಮನಷ್ಯಾರ ಕಷ್ಟ. ಪ್ರಾಣಿದು ಕಷ್ಟ ಬ್ಯಾರೆ ಐತಿ. ಆ ಮೆದು ಹಿಕ್ಕಿ ಬಾಯಿಗೆ ಸಿಗದ ಬಿ ವಿಟಮಿನ್ನು, ಪ್ರೋಟೀನು ತಪ್ಪತಾವ, ಹೊಟ್ಟಿ ತುಂಬ ತಿಂದ್ರೂ ತೂಕ ಇಳೀತೈತಿ, ಚರ್ಮ ಹುಣ್ಣಾಗತೈತಿ. ಇನ್ನ ನಮ್ಮ ಕಡೆ ಮಳಿಗಾಲದಾಗ ಮತ್ತ ಬ್ಯಾಸಿಗ್ಯಾಗ ನೊಣದ ಕಾಟ ನಿಮಗ ಗೊತ್ತ ಐತಿ. ಹೊಲಸಾದ ಒದ್ದಿ ಜಾಗದಾಗ ನೊಣ ತತ್ತಿ ಇಟ್ರ ಒಂದ ದಿನದೊಳಗ ಹುಳ ಬಂದು ಜೀವಂತ ಮಾಂಸ ತಿನ್ನಾಕ ಶುರು ಮಾಡ್ತಾವ. ಇದಕ್ಕ ಫ್ಲೈಸ್ಟ್ರೈಕ್ ಅಂತಾರ, ಹುಳ ಕಂಡ್ರ ನಾಳೆ ನೋಡೂಣು ಅನ್ನೂ ಮಾತ ಇಲ್ಲ, ಆಗಿಂದಾಗ ದವಾಖಾನಿ.

ಹಂಗಾರ ಏನು ಮಾಡಬೇಕು? ಕೈಲೆ ತಗೀಬೇಕು, ಬ್ಯಾರೆ ಉಪಾಯ ಇಲ್ಲ. ಮೊದಲ ಸಲ ಗೊತ್ತಿದ್ದ ಡಾಕ್ಟರ್ ಕಡೆ ತೋರಿಸಿಕೊಂಡು ಕಲಿಯೂದು ಚಲೋ. ಮಡಿಲಾಗ ಟವೆಲ್ ಹಾಕ್ಕೊಂಡು ಕುಂದ್ರಬೇಕು, ಒಬ್ಬರು ಎದಿ ಕೆಳಗ ಕೈ ಕೊಟ್ಟು ಹಿಡೀಬೇಕು, ಇನ್ನೊಬ್ಬರು ಕೆಲಸ ಮಾಡಬೇಕು, ಹಿಡಿಯೂ ಕೆಲಸ ಮನ್ಯಾಗಿನ ಹುಡುಗ್ರಿಗೆ ಕೊಟ್ರ ಬ್ಯಾಸರಿಲ್ಲದ ಮಾಡ್ತಾರ, ಬಾಯಾಗ ಒಂದೆಲಿ ಕೊತ್ತಂಬರಿ ಇಟ್ರಂತೂ ಗಿನಿ ಪಿಗ್ಗೂ ಸುಮ್ಮನ ಇರತೈತಿ. ಉಗುರುಬೆಚ್ಚನ ನೀರಾಗ ಅದ್ದಿದ ಹತ್ತಿ ಹಿಂದ ಒತ್ತಿ ಸ್ವಲ್ಪ ಹೊತ್ತು ಹಿಡದ್ರ ಒಣಗಿದ್ದು ಮೆತ್ತಗ ಆಗತೈತಿ, ಮ್ಯಾಲ ಎರಡು ಹನಿ ಕೊಬ್ಬರಿ ಎಣ್ಣಿ. ಆಮ್ಯಾಲ ಹೆಬ್ಬೆರಳು ತೋರಬೆರಳು ಎರಡೂ ಬಾಜೂಕ ಇಟ್ಟು ಗಡ್ಡಿಯ ಹಿಂದಿನಿಂದ ಮೆಲ್ಲಕ ಒತ್ತಿದ್ರ ಮಡಿಕಿ ಬಾಯಿ ತೆರದು ಉಂಡಿ ತಾನ ಹೊರಗ ಬರ್ತೈತಿ. ಉಳದಿದ್ದನ್ನ ಎಣ್ಣಿ ಹಚ್ಚಿದ ಕಿವಿ ಕಡ್ಡಿಯಿಂದ ಒರಸ್ರಿ, ಕಡ್ಡಿ ಒಳಗ ತುರುಕಬ್ಯಾಡ್ರಿ, ಉಗುರು ಹಾಕಿ ಕೆರೀಬ್ಯಾಡ್ರಿ. ಕಲ್ಲಿನಂಗ ಗಟ್ಟಿ ಆಗಿದ್ರ, ರಕ್ತ ಕಂಡ್ರ, ಕೆಂಪಗ ಬಾತಿದ್ರ ಅಲ್ಲಿಗೇ ನಿಲ್ಲಸ್ರಿ. ಕೆಲಸ ಮುಗದ ಮ್ಯಾಲ ಹಸಿ ಬಿಡಬ್ಯಾಡ್ರಿ, ಒಣ ಬಟ್ಟಿಲೆ ಒರಸ್ರಿ.

ಕೆಲವು ಗಂಡಿಗೆ ಇದು ವಾರಕ್ಕ ಒಂದು ಸಲ ಸಾಕಾಗತೈತಿ, ಕೆಲವಕ್ಕ ದಿನಾ ಬೇಕು, ಮತ್ತ ಬದುಕಿರೂತನಕ ಬೇಕು. ಇದನ್ನ ಕೇಳಿ ಅರ್ಧ ಮಂದಿ ಹಿಂದ ಸರೀತಾರ. ಆದ್ರ ಹಲ್ಲು ತಿಕ್ಕಿದಷ್ಟ ಹೊತ್ತಿನ ಕೆಲಸ ಅದು, ಒಂದು ವಾರ ಮಾಡಿದ್ರ ಮೂಗಿಗೂ ರೂಢಿ ಆಗತೈತಿ. ತಗದ ಹಿಕ್ಕಿ ಇನ್ನೂ ತಾಜಾ, ಮೆತ್ತಗ ಇದ್ರ ಅದರ ಮುಂದ ಹಿಡದು ನೋಡ್ರಿ, ಎಷ್ಟೋ ಗಿನಿ ಪಿಗ್ ಕೈಯಿಂದನ ತಿಂತಾವ, ತಪ್ಪಿದ ವಿಟಮಿನ್ ಹಂಗ ಸಿಗತೈತಿ. ಹಳೇದು, ಕೊಳತದ್ದು ಕೊಡಬ್ಯಾಡ್ರಿ.

ಬೀಜ ತಗಸಿದ್ರ ಹೋಗತೈತೇನು ಅಂತ ಭಾಳ ಮಂದಿ ಕೇಳ್ತಾರ. ಆಗಲೇ ಸಡಿಲ ಬಿದ್ದ ಸ್ನಾಯು ಆಪರೇಷನ್‌ನಿಂದ ಬಿಗಿ ಆಗೂದಿಲ್ಲ, ಮ್ಯಾಲ ಇಷ್ಟು ಸಣ್ಣ ಜೀವಕ್ಕ, ಅದೂ ಮುಪ್ಪಿನ್ಯಾಗ, ಅರಿವಳಿಕೆ ಕೊಡೂದು ಅಪಾಯದ್ದು. ಇದಕ್ಕೋಸ್ಕರ ಅಂತ ಅದನ್ನ ಮಾಡಸೂದು ನನಗ ಸರಿ ಅನಸೂದಿಲ್ಲ.

ಇನ್ನ ಹಿಂದ ನಾತ ಬಂದಿದ್ದೆಲ್ಲಾ ಇಂಪ್ಯಾಕ್ಷನ್ ಅಲ್ಲ, ಇಲ್ಲಿ ಮಂದಿ ಭಾಳ ಗೊಂದಲ ಮಾಡ್ಕೋತಾರ. ಬೋರ್ ಕ್ಲೀನಿಂಗ್ ಅಂತ ಒಂದು ಶಬ್ದ ಐತಿ, ವಿಜಯಪುರ ಕಡೆ ಇದನ್ನ ಅಂದ್ರ ಬೋರ್‌ವೆಲ್ ಲಾರಿ ಯಾವಾಗ ಬರ್ತೈತಿ ಅಂತ ಕೇಳ್ತಾರ, ಇಂಗ್ಲಿಷಿನ್ಯಾಗ ಗಂಡು ಗಿನಿ ಪಿಗ್‌ಗೆ ಬೋರ್ ಅಂತಾರ ಅಷ್ಟ. ಇದು ಗುದದ್ದಲ್ಲ, ಮೂತ್ರದ ಅಂಗದ ಚರ್ಮದ ಮಡಿಕಿ ಸ್ವಚ್ಛ ಮಾಡೂದು. ಕೂದಲ, ಹುಲ್ಲಿನ ಚೂರು, ಕಟ್ಟಿಗಿ ಹೊಟ್ಟು, ಬಿಳಿ ಜಿಗಟು ಎಲ್ಲಾ ಅಲ್ಲಿ ಕೂಡತಾವ. ಇದು ಸಣ್ಣ ವಯಸ್ಸಿನ ಗಂಡಿಗೂ ಬೇಕು, ತಿಂಗಳಿಗೊಮ್ಮೆ ನೋಡಿದ್ರ ಸಾಕು. ಹೊಟ್ಟಿ ಕೆಳಗ, ಅಂಗದ ಸ್ವಲ್ಪ ಮ್ಯಾಲ ಮೆಲ್ಲಕ ಒತ್ತಿದ್ರ ಅದು ಹೊರಗ ಬರ್ತೈತಿ, ಬೆಚ್ಚನ ನೀರಿನ ಹತ್ತಿಲೆ ಒರಸಿ ಬಿಡೂದು, ತಾನ ಒಳಗ ಹೋಗತೈತಿ. ಕೆಲವೊಮ್ಮೆ ರಬ್ಬರಿನಂಥ, ಬಿಳಚಿದ ಗಟ್ಟಿ ತುಣುಕು ಅಂಟಿರತೈತಿ. ಅದು ಕೀವಲ್ಲ, ಹೆದರಬ್ಯಾಡ್ರಿ, ಗಂಡಿನ ವೀರ್ಯ ಹೊರಗ ಬಂದ ಕೂಡ್ಲೆ ಹಂಗ ಹೆಪ್ಪುಗಟ್ಟತೈತಿ. ಒಣಗಿದ್ದನ್ನ ಜಗ್ಗಿದ್ರ ಚರ್ಮ ಕಿತ್ತು ಬರ್ತೈತಿ, ನೀರಾಗ ನೆನೆಸಿ ತಗೀರಿ. ಉಚ್ಚಿ ಹೊಯ್ಯೂವಾಗ ಕುಂಯ್ ಅಂತ ಒದರಿದ್ರ, ಉಚ್ಚ್ಯಾಗ ರಕ್ತ ಇದ್ರ ಅದು ಸ್ವಚ್ಛತೆ ಮಾತಲ್ಲ, ಮೂತ್ರಕೋಶದ ಹಳ್ಳು ಅಥವಾ ಸೋಂಕು ಇರಬಹುದು.

ಮೂರನೇದು ಗ್ರೀಸ್ ಗ್ಲ್ಯಾಂಡ್. ಗಿನಿ ಪಿಗ್‌ಗೆ ಬಾಲ ಇಲ್ಲ, ಇದ್ದಿದ್ರ ಎಲ್ಲಿ ಇರತಿತ್ತೋ ಅದರ ಮ್ಯಾಲ ಒಂದು ಎಣ್ಣಿ ಗ್ರಂಥಿ ಐತಿ, ಗಂಡು ಅದನ್ನ ನೆಲಕ್ಕ ತಿಕ್ಕಿ ಇದು ನಂದ ಜಾಗ ಅಂತ ಗುರುತು ಹಾಕ್ತೈತಿ. ಅಲ್ಲಿನ ಕೂದಲ ಕಂದು ಮೇಣ ಹಚ್ಚಿದಂಗ ಜಡಿ ಕಟ್ಟತಾವ. ಕೊಬ್ಬರಿ ಎಣ್ಣಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಭಾಂಡೆ ತಿಕ್ಕೂ ಲಿಕ್ವಿಡ್ ಒಂದ ಹನಿ ಹಾಕಿ ಆ ಜಾಗ ಅಷ್ಟ ತೊಳದು ಸೋಪು ಉಳೀದಂಗ ನೀರ ಹಾಕಿದ್ರ ಮುಗೀತು.

ಪೂರ್ತಿ ಜಳಕಾ ಅಂತೂ ವಾರಾ ವಾರಾ ಬ್ಯಾಡ್ರಿ. ಚರ್ಮ ಒಣಗತೈತಿ, ಬೆಳಗಾವಿ ಮಳಿಗಾಲದ ಥಂಡಿಯೊಳಗ ನೆನೆದ ಗಿನಿ ಪಿಗ್ ಒಣಗೂದರಾಗ ನ್ಯುಮೋನಿಯಾ ಹಿಡೀಬಹುದು. ಡೆಟಾಲ್, ಫಿನೈಲ್ ಪಂಜರದ ಹತ್ರನೂ ತರಬ್ಯಾಡ್ರಿ, ಗಿನಿ ಪಿಗ್ ನೆಕ್ಕೂ ಪ್ರಾಣಿ, ಅಂಥಾವುದರಾಗಿನ ಫೀನಾಲ್ ಜಾತಿಯ ರಾಸಾಯನಿಕ ಸಣ್ಣ ಜೀವಕ್ಕ ವಿಷ. ಹಾಸಿಗಿಗೆ ಸಾ ಮಿಲ್ಲಿನ ಹೊಟ್ಟು ಸಸ್ತಾ ಸಿಗತೈತಿ ಅಂತ ತರ್ತಾರ, ಆ ಸಣ್ಣ ಪುಡಿ ಮೂಗಿಗೂ ಹೋಗತೈತಿ, ಹಿಂದೂ ಅಂಟತೈತಿ. ಹಳೆ ಕೌದಿ ತುಂಡು ಹಾಸೂದು ಚಲೋ, ಆದ್ರ ಬಿಚ್ಚಿದ ದಾರ ಕಾಲಿಗೆ ಸುತ್ತಕೊಳ್ಳದಂಗ ಕತ್ತರಸ್ರಿ, ಮತ್ತ ಒದ್ದಿ ಆದ ದಿನಾನ ಬದಲಿ ಮಾಡ್ರಿ. ವಿಜಯಪುರ, ಬಾಗಲಕೋಟಿಯೊಳಗ ಏಪ್ರಿಲ್ ಮೇ ತಿಂಗಳ ಬಿಸಲು 40 ಡಿಗ್ರಿ ದಾಟತೈತಿ, ಇದು ದಕ್ಷಿಣ ಅಮೆರಿಕಾದ ಆಂಡಿಸ್ ಗುಡ್ಡದ ತಂಪಿನ ಪ್ರಾಣಿ, 30 ಡಿಗ್ರಿಗೇ ತೇಕತೈತಿ. ಪತ್ರಾಸ್ ಮನಿಯೊಳಗ ಮಧ್ಯಾಹ್ನ ಇಡಬ್ಯಾಡ್ರಿ, ಬಿಸಲಿಗೆ ಸೋತು ಬಿದ್ದಲ್ಲೇ ಬಿದ್ದಿರೂ ಗಂಡಿನ ಹಿಂಭಾಗ ಇನ್ನೂ ಲಗೂನ ಹೊಲಸಾಗತೈತಿ.

ತಿನಸಿನ ಮಾತು ಸ್ವಲ್ಪ. ಹೊಟ್ಟಿ ದೊಡ್ಡದಾದ ಗಿನಿ ಪಿಗ್‌ಗೆ ಬಗ್ಗಿ ಹಿಂದ ಬಾಯಿ ಮುಟ್ಟಸಾಕ ಆಗೂದಿಲ್ಲ, ಹಂಗಾಗಿ ಇಂಪ್ಯಾಕ್ಷನ್ ಇಲ್ಲದಿದ್ರೂ ಮೆದು ಹಿಕ್ಕಿ ಮೈಗೆ ಹತ್ತತಾವ. ಚಪಾತಿ, ಬಿಸ್ಕೀಟ್, ಕಬ್ಬಿನ ತುಂಡು ಬಂದ್ ಮಾಡ್ರಿ. ಇಪ್ಪತ್ನಾಲ್ಕು ತಾಸೂ ಮುಂದ ಒಣ ಹುಲ್ಲು ಇರಬೇಕು. ಟಿಮೊಥಿ ಹುಲ್ಲು ನಮ್ಮ ಊರ ಅಂಗಡ್ಯಾಗ ಸಿಗೂದು ಕಷ್ಟ, ಆನ್‌ಲೈನ್ ತರಸ್ಬೇಕು, ಅದರ ಜೋಡಿ, ಔಷಧಿ ಹೊಡೀಲಾರದ ಜಾಗದ ಕರಕಿ ತೊಳದು ಕೊಡಬಹುದು. ಕುದುರಿ ಮಸಾಲಿ ಸೊಪ್ಪು ಬೆಳೆದ ಗಂಡಿಗೆ ದಿನಾ ಹಾಕಬ್ಯಾಡ್ರಿ, ಕ್ಯಾಲ್ಸಿಯಂ ಜಾಸ್ತಿ, ಹಳ್ಳಾಗತೈತಿ. ಎಳೆ ಜೋಳದ ಬೆಳಿ ದನಕ್ಕ ವಿಷ ಆಗೂದು ರೈತರ ಮನಿಯವ್ರಿಗೆ ನಾ ಹೇಳೂದೇನೈತಿ, ಇದಕ್ಕೂ ಅದ ಲೆಕ್ಕ. ವಿಟಮಿನ್ ಸಿ ತಯಾರ ಮಾಡೂ ಶಕ್ತಿ ನಮ್ಮಂಗ ಇದಕ್ಕೂ ಇಲ್ಲ, ದಿನಾ ಒಂದು ತುಂಡು ಡೊಣ್ಣಮೆಣಸಿನಕಾಯಿ ಕೊಡ್ರಿ.

ಡಾಕ್ಟರ್ ಕಡೆ ಹೋಗೂದು ಬಂದ್ರ, ನಮ್ಮ ಊರಾಗಿನ ದನದ ದವಾಖಾನ್ಯಾಗ ದಿನಾ ನೋಡೂದು ಆಕಳಾ, ಎಮ್ಮಿ, ಆಡು, ನಾಯಿ. ಗಿನಿ ಪಿಗ್ ಒಯ್ದ್ರ ನಗೋವ್ರೂ ಇರ್ತಾರ, ಅದಕ್ಕ ಮೊದಲ ಫೋನ್ ಮಾಡಿ ಮೊಲ, ಗಿನಿ ಪಿಗ್ ನೋಡಿದ ಅನುಭವ ಐತೇನು ಅಂತ ಕೇಳಿಕೊಂಡ ಹೋಗ್ರಿ. ಹೋದಾಗ ಎರಡು ಮಾತು ನೀವ ಬಾಯಿ ಬಿಟ್ಟು ಹೇಳ್ರಿ. ಒಂದು, ಇದು ಹೊಟ್ಟಿ ಕಟ್ಟಿದ್ದಲ್ಲ, ಗಟ್ಟಿ ಹಿಕ್ಕಿ ಬೀಳಾಕತ್ತಾವ, ಹಿಂದ ಮಾತ್ರ ಗಡ್ಡಿ ಐತಿ. ಎರಡು, ಹುಣ್ಣಿಗೆ ಆಂಟಿಬಯೋಟಿಕ್ ಬರದ್ರ ಅಮಾಕ್ಸಿಸಿಲಿನ್ ಆಗಲಿ ಪೆನ್ಸಿಲಿನ್ ಜಾತಿಯ ಬ್ಯಾರೆ ಯಾವುದಾಗಲಿ ಕೊಡಂಗಿಲ್ಲ, ಸೀಕಮ್ಮಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಬೆಳದು ಗಿನಿ ಪಿಗ್ ಜೀವಾನ ಹೋಗತೈತಿ. ಮನ್ಯಾಗ ಹುಡುಗ್ರ ಜ್ವರಕ್ಕ ತಂದ ಸಿರಪ್ ಉಳದೈತಿ ಅಂತ ನೀವೂ ಹಾಕಬ್ಯಾಡ್ರಿ, ಅದು ಅಮಾಕ್ಸಿಸಿಲಿನ್ನ ಇರಬಹುದು.