ತೋಳದ ಬೇಟೆಯಲ್ಲಿ ಸೋಲೇ ಹೆಚ್ಚು

ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಐಲ್ ರಾಯಲ್ ಎಂಬ ದ್ವೀಪವಿದೆ. ಅಲ್ಲಿನ ತೋಳಗಳ ಅಧ್ಯಯನ ಶುರುವಾದದ್ದು 1958ರಲ್ಲಿ. ಮೊದಲ ವರ್ಷಗಳ ಚಳಿಗಾಲದಲ್ಲಿ ಡೇವಿಡ್ ಮೆಕ್ ಎಂಬ ಯುವ ಸಂಶೋಧಕರು ಪುಟ್ಟ ವಿಮಾನವೇರಿ, ಹಿಮದ ಮೇಲೆ ಸಾಲುಗಟ್ಟಿ ಹೊರಟ ಬೂದು ತೋಳಗಳ ಬೆನ್ನು ಹತ್ತುತ್ತಿದ್ದರು. ಅವುಗಳ ಗುರಿ ಮೂಸ್, ಅಂದರೆ ಜಿಂಕೆ ಕುಲದ ದೈತ್ಯ. ಮೆಕ್ ಅವರ ಲೆಕ್ಕದಲ್ಲಿ ತೋಳಗಳು ಅಟ್ಟಿದ ಇಲ್ಲವೇ ಅಡ್ಡಗಟ್ಟಿದ ಮೂಸ್‌ಗಳು 77. ಕೊಂದದ್ದು ಆರನ್ನು.

ಕತೆಗಳ ತೋಳಕ್ಕೆ ಹೊಟ್ಟೆಬಾಕತನ, ಕ್ರೌರ್ಯ ಎರಡೂ ಧಾರಾಳವಾಗಿ ದಕ್ಕಿವೆ. ಕಾಡಿನ ತೋಳ ಮಾತ್ರ ಬಹುಪಾಲು ದಿನ ಬರಿಹೊಟ್ಟೆಯಲ್ಲಿ ನಡೆಯುತ್ತಿರುತ್ತದೆ. ಕಾರಣ ಅದರ ಮೈಕಟ್ಟಿನಲ್ಲೇ ಇದೆ. ಹುಲಿ, ಚಿರತೆಗಳು ಮುಂಗಾಲಿನಿಂದ ತಬ್ಬಿ, ಉಗುರು ನಾಟಿಸಿ ಬೇಟೆಯನ್ನು ಕೆಡವುತ್ತವೆ. ತೋಳದ ಮೊಂಡು ಉಗುರುಗಳಿಂದ ಅದಾಗದು. ಇರುವ ಆಯುಧ ಬಾಯಿಯೊಂದೇ. ನಲವತ್ತು ಕಿಲೋ ತೂಕದ ಪ್ರಾಣಿ ತನ್ನ ಹತ್ತು ಪಟ್ಟು ತೂಗುವ ಮೂಸ್‌ನ ಗೊರಸಿನ ಹತ್ತಿರಕ್ಕೆ ಮುಖವನ್ನೇ ಒಯ್ಯಬೇಕು. ಒಂದು ಒದೆ ಸರಿಯಾಗಿ ಬಿದ್ದರೆ ಮುಗಿಯಿತು. ಸತ್ತ ತೋಳಗಳ ಅಸ್ಥಿಪಂಜರಗಳಲ್ಲಿ ಎಂದೋ ಮುರಿದು ಕೂಡಿಕೊಂಡ ಪಕ್ಕೆಲುಬುಗಳು ಕಾಣಸಿಗುತ್ತವೆ.

ಹಾಗಾಗಿ ತೋಳ ನುಗ್ಗುವುದಕ್ಕಿಂತ ಹೆಚ್ಚಾಗಿ ಪರೀಕ್ಷಿಸುತ್ತದೆ. ಹತ್ತಿರ ಹೋಗಿ ನಿಲ್ಲುತ್ತದೆ, ತುಸು ಓಡಿಸುತ್ತದೆ, ಕುಂಟು, ಏದುಸಿರು, ಹಿಂಜರಿಕೆ ಏನಾದರೂ ಇದೆಯೇ ಎಂದು ನೋಡುತ್ತದೆ. ಎದೆಗೊಟ್ಟು ನಿಂತ ಮೂಸ್‌ನ ಮುಂದೆ ಸ್ವಲ್ಪ ಹೊತ್ತು ಸುಳಿದಾಡಿ ಹಿಂಡು ಹೊರಟುಹೋಗುವುದು ಸಾಮಾನ್ಯ. ಐಲ್ ರಾಯಲ್‌ನಲ್ಲಿ ಬಲಿಯಾದವುಗಳಲ್ಲಿ ಕರುಗಳು ಮತ್ತು ಕೀಲುನೋವು ಹಿಡಿದ ಮುದಿ ಮೂಸ್‌ಗಳೇ ಹೆಚ್ಚು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತದೆ ಗಾದೆ. ತೋಳದ ನೀತಿಯೂ ಅದಕ್ಕಿಂತ ಬೇರೆಯೇನಲ್ಲ: ಆಗಲೇ ಹಳ್ಳಕ್ಕೆ ಬಿದ್ದವರನ್ನು ಅದು ಹುಡುಕುತ್ತದೆ.

ಹಿಂಡು ದೊಡ್ಡದಾದಷ್ಟೂ ಬೇಟೆ ಸುಲಭ ಎಂದು ನಾನೂ ನಂಬಿದ್ದೆ. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ನಡೆದ ವೀಕ್ಷಣೆ ಈ ನಂಬಿಕೆಯನ್ನು ಅಲುಗಾಡಿಸಿತು. ಎಲ್ಕ್ ಜಿಂಕೆಯ ಬೇಟೆಯಲ್ಲಿ ನಾಲ್ಕು ತೋಳಗಳವರೆಗೆ ಗೆಲುವು ಏರುತ್ತದೆ, ಆಮೇಲೆ ಏರುವುದಿಲ್ಲ. ಹೆಚ್ಚುವರಿ ಸದಸ್ಯರು ಹಿಂದೆ ಉಳಿದು, ಒದೆ ತಿನ್ನುವ ಕೆಲಸವನ್ನು ಇತರರಿಗೆ ಬಿಡುತ್ತಾರೆ! ಬೈಸನ್ ಎಂಬ ಭಾರೀ ಕಾಡುದನದಂಥ ಅಪಾಯಕಾರಿ ಪ್ರಾಣಿಗೆ ಮಾತ್ರ ಹತ್ತಕ್ಕಿಂತ ಹೆಚ್ಚು ತೋಳಗಳಿದ್ದರೆ ಲಾಭವಿದೆ.

ಹಾಗಾದರೆ ದೊಡ್ಡ ಹಿಂಡು ಏಕೆ? ಒಂದು ಉತ್ತರ ನನಗೆ ಬಹಳ ಇಷ್ಟ, ಏಕೆಂದರೆ ಅದರಲ್ಲಿ ಕಾಗೆ ಬರುತ್ತದೆ. ರೇವನ್ ಎಂಬ ದೊಡ್ಡ ಕಾಗೆಗಳು ತೋಳಗಳನ್ನು ಹಿಂಬಾಲಿಸಿ, ಬೇಟೆ ಬಿದ್ದ ಕೂಡಲೇ ಗುಂಪಾಗಿ ಇಳಿದು ಮಾಂಸ ಕಿತ್ತೊಯ್ಯುತ್ತವೆ. ಎರಡೇ ತೋಳಗಳು ಒಂದು ಮೂಸ್ ಕೆಡವಿದರೆ ತಿಂದು ಮುಗಿಸಲು ಹಲವು ದಿನ ಬೇಕು. ಅಷ್ಟರಲ್ಲಿ ಕಾಗೆಗಳ ಪಾಲು ದೊಡ್ಡದಾಗಿರುತ್ತದೆ. ಬಾಯಿ ಹೆಚ್ಚಿದ್ದರೆ ಕಳೇಬರ ಬೇಗ ಕರಗುತ್ತದೆ. ಹೇಗಿದ್ದರೂ ಹೋಗುವ ಮಾಂಸ ಕಾಗೆಯ ಬದಲು ಸ್ವಂತ ಮಕ್ಕಳ ಹೊಟ್ಟೆ ಸೇರಲಿ ಎಂಬ ಲೆಕ್ಕ.

ಸ್ವಂತ ಮಕ್ಕಳು ಎಂದದ್ದು ಅಲಂಕಾರಕ್ಕಲ್ಲ. ಹಿಂಡೆಂದರೆ ಬಹುತೇಕ ಒಂದು ಗಂಡು, ಒಂದು ಹೆಣ್ಣು ಮತ್ತು ಅವುಗಳ ಒಂದೆರಡು ವರ್ಷದ ಸಂತಾನ. ಕಾದಾಡಿ ಪಟ್ಟಕ್ಕೇರುವ ನಾಯಕ ತೋಳದ ಕಲ್ಪನೆ ಬೇರೂರಿದ್ದು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ಕುರಿತ 1947ರ ಅಧ್ಯಯನದಿಂದ. ಅದನ್ನು ತಾವೂ ಪ್ರಚಾರ ಮಾಡಿದ್ದ ಮೆಕ್, ಕಾಡಿನ ತೋಳಗಳ ಜೊತೆ ಹಲವು ಬೇಸಿಗೆ ಕಳೆದ ಮೇಲೆ 1999ರಲ್ಲಿ ಅದು ತಪ್ಪೆಂದು ಬರೆದರು. ಅಪ್ಪ ಅಮ್ಮನನ್ನು ಪಟ್ಟದ ನಾಯಕರು ಎಂದು ಯಾರು ಕರೆಯುತ್ತಾರೆ?

ಸಿಕ್ಕಾಗ ತೋಳ ಒಂದೇ ಸಲಕ್ಕೆ ಒಂಬತ್ತು ಕಿಲೋದಷ್ಟು ಮಾಂಸ ನುಂಗಬಲ್ಲದು. ಯಕೃತ್ತು, ಹೃದಯ, ಶ್ವಾಸಕೋಶಗಳು ಮೊದಲು ಖಾಲಿ. ಸಿಗದಿದ್ದಾಗ ಹಟವಿಲ್ಲ. ಕೆನಡಾದ ಪಶ್ಚಿಮ ಕರಾವಳಿಯ ತೋಳಗಳು ಸಾಲ್ಮನ್ ಮೀನು ಹಿಡಿದು ಹೆಚ್ಚಾಗಿ ತಲೆಯನ್ನಷ್ಟೇ ತಿನ್ನುತ್ತವೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಕಾಡುಗಳಲ್ಲಿ ಒಂಟಿ ತೋಳ, ನೀರಿನಂಚಿನ ದೊಡ್ಡ ದಂಶಕ ಬೀವರ್ ಓಡಾಡುವ ದಾರಿಯ ಪಕ್ಕ ಗಂಟೆಗಟ್ಟಲೆ ಹೊಂಚು ಹಾಕುತ್ತದೆ. ಬೀವರ್‌ನ ಕಣ್ಣು ಮಂದ, ಮೂಗು ಚುರುಕು. ಅದಕ್ಕೇ ತೋಳ ತನ್ನ ವಾಸನೆ ಗಾಳಿಯಲ್ಲಿ ಅತ್ತ ಹೋಗದ ಜಾಗವನ್ನೇ ಆರಿಸಿಕೊಳ್ಳುತ್ತದೆ. ಓಡಿಸಿ ಕೊಲ್ಲುವ ಪ್ರಾಣಿಯೆಂದೇ ಹೆಸರಾದದ್ದು ಇಲ್ಲಿ ಬೆಕ್ಕಿನಂತೆ ಅಲುಗಾಡದೆ ಮಲಗಿರುತ್ತದೆ.

ಅದೇ ಕಾಡುಗಳಲ್ಲಿ ನಡುಬೇಸಿಗೆಗೆ ಬ್ಲೂಬೆರಿ ಹಣ್ಣಾಗುತ್ತದೆ. ಒದೆಯದ, ಓಡದ ಊಟ. ತೋಳಗಳು ಗಿಡಗಳಿಗೇ ಬಾಯಿ ಹಚ್ಚಿ ತಿನ್ನುತ್ತವೆ. ಹೊಟ್ಟೆಯಲ್ಲಿ ತಂದ ಮಾಂಸವನ್ನು ಕಕ್ಕಿ ಮರಿಗಳಿಗೆ ಉಣಿಸುವುದು ತೋಳಗಳ ರೂಢಿ. ಅಲ್ಲೊಂದು ದೊಡ್ಡ ತೋಳದ ಬಾಯಿ ನೆಕ್ಕಲು ಮರಿಗಳು ಮುತ್ತಿಕೊಂಡಾಗ ಹೊರಬಿದ್ದದ್ದು ಮಾಂಸವಲ್ಲ, ನೀಲಿ ಹಣ್ಣುಗಳ ರಾಶಿ. ಮರಿಗಳು ಅದನ್ನೂ ಬಿಡಲಿಲ್ಲ.