‘ಫಾಂಗ್ ಜಿ’ ಎಂದರೆ ಯಾವ ಗಿಡ? ಚೀನೀ ಮೂಲಿಕೆಗಳ ವಿಷತ್ವದ ಬಗ್ಗೆ ನನ್ನ ಟಿಪ್ಪಣಿ

ಚೀನೀ ಗಿಡಮೂಲಿಕೆಗಳ ದುಷ್ಪರಿಣಾಮ ಎಂಬ ಪಾಠ ಬಂದಾಗ ನಾನು ಮೊದಲು ಮಾಡಿದ್ದು ಬಾಯಿಪಾಠ. ಮೂಲಿಕೆಯ ಹೆಸರು ಒಂದು ಕಡೆ, ಕೆಡುವ ಅಂಗ ಇನ್ನೊಂದು ಕಡೆ. ಎರಡು ದಿನಕ್ಕೆ ಎಲ್ಲವೂ ಕಲಸುಮೇಲೋಗರವಾಯಿತು. ಆಮೇಲೆ ಪಟ್ಟಿಯನ್ನು ಬದಿಗಿಟ್ಟು ಒಂದೇ ಪ್ರಕರಣವನ್ನು ಬುಡದಿಂದ ಓದಿದೆ. ಅದು ಅರ್ಥವಾದ ಮೇಲೆ ಮಿಕ್ಕವು ತಮ್ಮ ತಮ್ಮ ಜಾಗಕ್ಕೆ ಬಂದು ಕುಳಿತವು. ಹಾಗಾಗಿ ಈ ಟಿಪ್ಪಣಿಯ ಬಹುಪಾಲು ಆ ಒಂದು ಪ್ರಕರಣವೇ ಇದೆ.

ಬ್ರಸೆಲ್ಸ್

ಬೆಲ್ಜಿಯಂ ರಾಜಧಾನಿಯಲ್ಲಿ ತೂಕ ಇಳಿಸುವ ಒಂದು ಚಿಕಿತ್ಸಾಲಯ. ವರ್ಷಗಳಿಂದ ನಡೆದುಬಂದಿದ್ದ ಔಷಧಕ್ರಮಕ್ಕೆ 1990ರಲ್ಲಿ ಎರಡು ಚೀನೀ ಮೂಲಿಕೆಗಳ ಪುಡಿ ಸೇರಿತು. 1992ರ ಹೊತ್ತಿಗೆ ಅಲ್ಲಿ ಚಿಕಿತ್ಸೆ ಪಡೆದ ಮಹಿಳೆಯರು ಮೂತ್ರಪಿಂಡ ವೈಫಲ್ಯದಿಂದ ಆಸ್ಪತ್ರೆ ಸೇರತೊಡಗಿದರು. 1993ರಲ್ಲಿ ವೈದ್ಯರು ಪ್ರಕಟಿಸಿದ ಮೊದಲ ವರದಿಯಲ್ಲಿದ್ದವರು ಒಂಬತ್ತು ಮಂದಿ, ಎಲ್ಲರೂ ಐವತ್ತರ ಒಳಗಿನವರು. ಕೊನೆಗೆ ಸಂಖ್ಯೆ ನೂರು ದಾಟಿತು.

ಬಯಾಪ್ಸಿಯ ಚಿತ್ರ ವಿಶಿಷ್ಟ. ಮೂತ್ರಪಿಂಡದೊಳಗಿನ ಸಣ್ಣ ನಾಳಗಳ ನಡುವಿನ ಜಾಗವೆಲ್ಲ ನಾರುಗಟ್ಟಿದೆ, ಉರಿಯೂತದ ಕೋಶಗಳು ತೀರಾ ಕಡಿಮೆ, ರಕ್ತ ಸೋಸುವ ಗ್ಲಾಮೆರುಲಸ್‌ಗಳು ಮಾತ್ರ ಬಹುಮಟ್ಟಿಗೆ ಉಳಿದುಕೊಂಡಿವೆ. ಇಲ್ಲಿ ಪೆಟ್ಟು ಬೀಳುವುದು ಜರಡಿಗಲ್ಲ, ನಾಳಕ್ಕೆ.

ಹೆಸರಿನ ಗೊಂದಲ

ಆ ಎರಡು ಮೂಲಿಕೆಗಳಲ್ಲಿ ಒಂದಾಗಿ ಚಿಕಿತ್ಸಾಲಯ ಕೊಟ್ಟೆವೆಂದುಕೊಂಡದ್ದು ಸ್ಟೆಫಾನಿಯಾ ಟೆಟ್ರಾಂಡ್ರಾ, ಅಂದರೆ ‘ಹಾನ್ ಫಾಂಗ್ ಜಿ’ ಅಥವಾ ‘ಫೆನ್ ಫಾಂಗ್ ಜಿ’. ಪುಡಿಯಲ್ಲಿ ಇದ್ದದ್ದು ಅರಿಸ್ಟೊಲೋಕಿಯಾ ಫಾಂಗ್‌ಚಿ, ಅಂದರೆ ‘ಗುವಾಂಗ್ ಫಾಂಗ್ ಜಿ’. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ಕುಟುಂಬದವು. ಸ್ಟೆಫಾನಿಯಾ ನಮ್ಮ ಅಮೃತಬಳ್ಳಿಯ ಕುಟುಂಬಕ್ಕೆ ಸೇರಿದ್ದು, ಅರಿಸ್ಟೊಲೋಕಿಯಾ ಈಶ್ವರಿ ಬಳ್ಳಿಯ ಕುಟುಂಬಕ್ಕೆ. ಆದರೆ ಮೂಲಿಕೆ ವ್ಯಾಪಾರದಲ್ಲಿ ಎರಡೂ ‘ಫಾಂಗ್ ಜಿ’ಯೇ.

ಇಷ್ಟು ದೊಡ್ಡ ತಪ್ಪು ಹೇಗಾಯಿತು ಎಂದು ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಬೇರಿನ ಬಿಲ್ಲೆಗಳ ಚಿತ್ರ ನೋಡಿದಾಗ ನಂಬಿದೆ. ಎರಡೂ ಬಿಲ್ಲೆಗಳಲ್ಲಿ ನಡುವಿನಿಂದ ಅಂಚಿಗೆ ಗಾಡಿಚಕ್ರದ ಅರೆಗಳಂತೆ ಗೆರೆಗಳು ಹರಡಿರುತ್ತವೆ. ಕಣ್ಣು ಪಳಗಿದವರು ಬಿಲ್ಲೆಯನ್ನು ಗುರುತಿಸಿಯಾರು. ಪುಡಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ ಮೇಲೆ ಯಾವ ಕಣ್ಣಿಗೂ ಸಾಧ್ಯವಿಲ್ಲ. ಆಗ ರಾಸಾಯನಿಕ ಪರೀಕ್ಷೆಯೊಂದೇ ದಾರಿ: ಸ್ಟೆಫಾನಿಯಾ ಆಗಿದ್ದರೆ ಟೆಟ್ರಾಂಡ್ರಿನ್ ಎಂಬ ಆಲ್ಕಲಾಯ್ಡ್ ಸಿಗಬೇಕು. ಬ್ರಸೆಲ್ಸಿನ ಪುಡಿಯಲ್ಲಿ ಅದು ಸಿಗದೆ ಅನುಮಾನ ಹುಟ್ಟಿತು. 1994ರಲ್ಲಿ ಅರಿಸ್ಟೊಲೋಕಿಯಾ ಗಿಡಗಳ ವಿಷವಾದ ಅರಿಸ್ಟೊಲೋಕಿಕ್ ಆಮ್ಲ ಸಿಕ್ಕಿತು.

ಇದೇ ಗೊಂದಲದ ಜೋಡಿ ಇನ್ನೊಂದಿದೆ, ‘ಮು ತೊಂಗ್’. ಬರಿಯ ಮು ತೊಂಗ್ ಎಂದರೆ ಅಕೇಬಿಯಾ, ಚುವಾನ್ ಮು ತೊಂಗ್ ಎಂದರೆ ಕ್ಲೆಮಾಟಿಸ್, ಗುವಾನ್ ಮು ತೊಂಗ್ ಎಂದರೆ ಅರಿಸ್ಟೊಲೋಕಿಯಾ ಮಂಚೂರಿಯೆನ್ಸಿಸ್. ಮುಂದಿನ ಪದ ಊರನ್ನು ಹೇಳುತ್ತದೆ: ಗುವಾಂಗ್ ಎಂದರೆ ಗುವಾಂಗ್‌ಡಾಂಗ್, ಗುವಾಂಗ್‌ಶಿ ಕಡೆಯದು, ಚುವಾನ್ ಎಂದರೆ ಸಿಚುವಾನಿನದು, ಗುವಾನ್ ಎಂದರೆ ಗಡಿಕಣಿವೆಯ ಆಚೆಯದು, ಅಂದರೆ ಮಂಚೂರಿಯಾದ್ದು. ನಾನು ನೆನಪಿಟ್ಟುಕೊಂಡದ್ದು ಹೀಗೆ: ‘ಗು ಕಂಡರೆ ಗುಮ್ಮ’. ಗುವಾಂಗ್ ಫಾಂಗ್ ಜಿ, ಗುವಾನ್ ಮು ತೊಂಗ್, ಎರಡೂ ಅರಿಸ್ಟೊಲೋಕಿಯಾ. ಪರೀಕ್ಷೆಯ ಹಿಂದಿನ ರಾತ್ರಿಗೆ ಇದು ಸಾಕು. ಆದರೆ ಇದನ್ನೇ ನಂಬಿ ಕೂರಬೇಡಿ, ಏಕೆಂದರೆ ‘ಗು’ ಇಲ್ಲದ ಗುಮ್ಮಗಳೂ ಇವೆ: ಚಿಂಗ್ ಮು ಶಿಯಾಂಗ್, ಮಾ ದೌ ಲಿಂಗ್. ಇವುಗಳಿಗಿಂತ ಕಷ್ಟದ್ದು ಹಾನ್‌ಜೊಂಗ್ ಫಾಂಗ್ ಜಿ. ಹಾನ್ ಫಾಂಗ್ ಜಿ ಸ್ಟೆಫಾನಿಯಾ ಆದರೆ ಹಾನ್‌ಜೊಂಗ್ ಫಾಂಗ್ ಜಿ ಅರಿಸ್ಟೊಲೋಕಿಯಾ! ಲ್ಯಾಟಿನ್ ಹೆಸರು ಬರೆಯದ ಉತ್ತರಕ್ಕೆ ಅರ್ಥವೇ ಇಲ್ಲ ಎಂದು ನಾನು ಒಪ್ಪಿಕೊಂಡದ್ದು ಇಲ್ಲಿ.

ಚೀನಾ 2003ರಲ್ಲಿ ಗುವಾನ್ ಮು ತೊಂಗ್ ಅನ್ನು ಅಧಿಕೃತ ಔಷಧಪಟ್ಟಿಯಿಂದ ತೆಗೆಯಿತು, ಮರುವರ್ಷ ಗುವಾಂಗ್ ಫಾಂಗ್ ಜಿಯನ್ನೂ. ತೈವಾನಿನ ನಿಷೇಧ ಬಂದದ್ದೂ 2003ರಲ್ಲೇ.

ನಾನು ಎಡವಿದ ಜಾಗ

ಬ್ರಸೆಲ್ಸಿನ ರೋಗಿಗಳು ಕ್ಯಾಪ್ಸೂಲ್ ನಿಲ್ಲಿಸಿದರೂ ಮೂತ್ರಪಿಂಡ ಕೆಡುತ್ತಲೇ ಹೋಯಿತು. ವರ್ಷಗಳ ನಂತರ ಮೂತ್ರನಾಳದಲ್ಲಿ ಕ್ಯಾನ್ಸರ್ ಬಂತು. ಮುನ್ನೆಚ್ಚರಿಕೆಗೆಂದು ಮೂತ್ರಪಿಂಡ ಮತ್ತು ಮೂತ್ರನಾಳಗಳನ್ನು ತೆಗೆಸಿಕೊಂಡ 39 ರೋಗಿಗಳಲ್ಲಿ 18 ಮಂದಿಗೆ ಕ್ಯಾನ್ಸರ್ ಇತ್ತೆಂದು 2000ದಲ್ಲಿ ವರದಿಯಾಯಿತು. ಒಟ್ಟು 200 ಗ್ರಾಂಗಿಂತ ಹೆಚ್ಚು ಮೂಲಿಕೆ ಸೇವಿಸಿದವರಲ್ಲಿ ಅಪಾಯ ಇನ್ನೂ ಹೆಚ್ಚು. ದೇಹದಿಂದ ಹೊರಹೋದ ವಸ್ತು ಇಷ್ಟು ಕಾಲ ಕಾಡುವುದು ಹೇಗೆ?

ಅರಿಸ್ಟೊಲೋಕಿಕ್ ಆಮ್ಲದ ಬೆನ್ನಿಗೆ ಒಂದು ನೈಟ್ರೋ ಗುಂಪು ಇದೆ. ನಮ್ಮದೇ ಕಿಣ್ವಗಳು, ಮುಖ್ಯವಾಗಿ ಎನ್‌ಕ್ಯೂಓ1, ಅದನ್ನು ಅಪಕರ್ಷಿಸುತ್ತವೆ, ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಡುತ್ತವೆ. ಆಗ ಹುಟ್ಟುವ ಧನ ಅಯಾನು ಡಿಎನ್‌ಎಯ ಅಡಿನೀನ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಅಡಿನೀನ್ ಅಂದರೆ ಡಿಎನ್‌ಎ ಬರಹದ ‘ಎ’ ಅಕ್ಷರ, ಎದುರಿನ ಎಳೆಯಲ್ಲಿ ಅದರ ಜೋಡಿ ‘ಟಿ’, ಅಂದರೆ ಥೈಮಿನ್. ಈ ಅಂಟಿಗೆ ಅಡಕ್ಟ್ ಎಂದು ಹೆಸರು. ಇಲ್ಲಿಯವರೆಗೆ ಸಲೀಸು.

ಮುಂದಿನ ಸಾಲು ನನ್ನನ್ನು ಮೂರು ದಿನ ನಿಲ್ಲಿಸಿತು: ‘ಎ–ಟಿ ಜೋಡಿಯು ಟಿ–ಎ ಜೋಡಿಯಾಗುತ್ತದೆ.’ ಎ–ಟಿಯಲ್ಲೂ ಒಂದು ಎ, ಒಂದು ಟಿ, ಟಿ–ಎಯಲ್ಲೂ ಅಷ್ಟೇ. ಹಾಗಿದ್ದರೆ ಬದಲಾದದ್ದೇನು? ನಿಮಗೂ ಇದೇ ಪ್ರಶ್ನೆ ಬಂದಿದ್ದರೆ ಪೆನ್ಸಿಲ್ ಹಿಡಿಯಿರಿ.

ಎರಡು ಅಡ್ಡಗೆರೆ ಎಳೆಯಿರಿ. ಮೇಲಿನ ಎಳೆಯಲ್ಲಿ ಎ, ಅದರ ಕೆಳಗೆ ಕೆಳಗಿನ ಎಳೆಯಲ್ಲಿ ಟಿ. ಮೇಲಿನ ಎಗೆ ಒಂದು ಚುಕ್ಕೆ ಇಡಿ, ಅದು ಅಡಕ್ಟ್. ಕೋಶ ವಿಭಜನೆಯಾಗುವಾಗ ಎಳೆಗಳು ಬಿಡಿಸಿಕೊಳ್ಳುತ್ತವೆ. ಕೆಳಗಿನ ಎಳೆ ಶುದ್ಧವಾಗಿದೆ, ಅದನ್ನು ಮರೆತುಬಿಡಿ. ಮೇಲಿನ ಎಳೆಯನ್ನು ನಕಲು ಮಾಡುತ್ತ ಬರುವ ಕಿಣ್ವವಾದ ಪಾಲಿಮರೇಸ್‌ಗೆ ಚುಕ್ಕೆಯ ಎ ಓದಲಾಗುವುದಿಲ್ಲ. ಓದಲಾಗದ ಕಡೆ ಅದು ಹೆಚ್ಚಾಗಿ ಎ ಅನ್ನೇ ಇಟ್ಟು ಮುಂದೆ ಹೋಗುತ್ತದೆ. ಈಗ ಎ ಎದುರು ಎ ಕುಳಿತಿದೆ. ಇನ್ನೊಂದು ಸುತ್ತು ವಿಭಜನೆಯಾಗಲಿ. ಹೊಸದಾಗಿ ಕುಳಿತ ಎ ಈಗ ಅಚ್ಚು, ಅದರ ಎದುರಿಗೆ ನಿಯಮದಂತೆ ಟಿ ಬರುತ್ತದೆ. ಈಗ ಮೇಲಿನ ಗೆರೆಯನ್ನು ಮಾತ್ರ ನೋಡಿ. ಎ ಇದ್ದ ಜಾಗದಲ್ಲಿ ಟಿ ಇದೆ.

ಜೋಡಿಯನ್ನು ನೋಡುತ್ತಿದ್ದುದೇ ನನ್ನ ತಪ್ಪು. ಸಂಕೇತ ಓದುವುದು ಒಂದು ಎಳೆಯ ಮೇಲೆ, ಮೂರು ಮೂರು ಅಕ್ಷರವಾಗಿ. ಆ ಎಳೆಯಲ್ಲಿ ಎಎಜಿ ಇದ್ದರೆ ಲೈಸಿನ್ ಎಂಬ ಅಮೈನೋ ಆಮ್ಲ. ಮೊದಲ ಎ ಟಿ ಆದರೆ ಟಿಎಜಿ, ಅಂದರೆ ‘ಇಲ್ಲಿಗೆ ಪ್ರೋಟೀನ್ ಮುಗಿಯಿತು’. ಕುಡಗೋಲು ಕಣ ರಕ್ತಹೀನತೆ ನೆನಪಿದೆಯೇ? ಅಲ್ಲಿ ಜಿಎಜಿ ಜಿಟಿಜಿ ಆಗಿ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬರುತ್ತದೆ. ಅದು ಆನುವಂಶಿಕ, ಅದಕ್ಕೂ ಈ ಮೂಲಿಕೆಗೂ ಸಂಬಂಧವಿಲ್ಲ. ಆದರೆ ಬದಲಾವಣೆಯ ಜಾತಿ ಒಂದೇ, ಎ ಹೋಗಿ ಟಿ. ಈ ಉದಾಹರಣೆ ಹೊಳೆದ ಕ್ಷಣಕ್ಕೆ ಮೂರು ದಿನದ ಗಂಟು ಬಿಚ್ಚಿತು.

ಇನ್ನೊಂದು ತುಣುಕು. ಈ ಅಂಟನ್ನು ಕೋಶದ ಸಾಮಾನ್ಯ ದುರಸ್ತಿ ವ್ಯವಸ್ಥೆ ಗುರುತಿಸುವುದೇ ಇಲ್ಲ. ಆರ್‌ಎನ್‌ಎ ಬರೆಯುವ ಕಿಣ್ವ ಬಂದು ಎಡವಿದರೆ ಮಾತ್ರ ದುರಸ್ತಿಯವರು ಬರುತ್ತಾರೆ. ಬಸ್ ಓಡುವ ರಸ್ತೆಯ ಗುಂಡಿ ತಾನೇ ಕಣ್ಣಿಗೆ ಬೀಳುವುದು? ಆ ಕಿಣ್ವ ಓಡಾಡದ ಎಳೆಯಲ್ಲಿ ಅಡಕ್ಟ್‌ಗಳು ವರ್ಷಗಟ್ಟಲೆ ಉಳಿಯುತ್ತವೆ, ರೂಪಾಂತರಗಳೂ, ಅಂದರೆ ಅಕ್ಷರ ಬದಲಾವಣೆಗಳೂ, ಆ ಎಳೆಯಲ್ಲೇ ಹೆಚ್ಚು. ಹೀಗೆ ಉಳಿದ ಗುರುತು ಬೆರಳಚ್ಚಿನಂತೆ ಕೆಲಸ ಮಾಡುತ್ತದೆ. ಡ್ಯಾನ್ಯೂಬ್ ಉಪನದಿಗಳ ದಂಡೆಯ ಹಳ್ಳಿಗಳನ್ನು ದಶಕಗಳ ಕಾಲ ಕಾಡಿದ ಬಾಲ್ಕನ್ ಮೂತ್ರಪಿಂಡ ರೋಗದ ಮೂಲ ಗೋಧಿಹೊಲದ ಕಳೆಯಾದ ಅರಿಸ್ಟೊಲೋಕಿಯಾ ಕ್ಲೆಮಟೈಟಿಸ್ ಎಂದು ತೋರಿಸಿಕೊಡುವಲ್ಲಿ ಇದೇ ಗುರುತು ನೆರವಾಯಿತು. ತೈವಾನಿನ 98 ಯಕೃತ್ತಿನ ಕ್ಯಾನ್ಸರ್ ಮಾದರಿಗಳಲ್ಲಿ ಶೇ. 78ರಷ್ಟರಲ್ಲಿ ಈ ಗುರುತು ಇತ್ತೆಂದು 2017ರಲ್ಲಿ ಪ್ರಕಟವಾಯಿತು.

ಅಜ್ಜಿಯ ಬೇಲಿ

ಈಶ್ವರಿ ಬಳ್ಳಿ, ಅಂದರೆ ಅರಿಸ್ಟೊಲೋಕಿಯಾ ಇಂಡಿಕಾ, ನಮ್ಮ ಅಜ್ಜಿಯ ಹಿತ್ತಿಲ ಬೇಲಿಯಲ್ಲಿದೆ. ಹಾವು ಕಡಿತಕ್ಕೆ ಮದ್ದೆಂದು ಊರಿನವರು ಹೇಳುತ್ತಿದ್ದರು. ಅದರಲ್ಲೂ ಇರುವುದು ಇದೇ ಆಮ್ಲ. ನಮ್ಮ ರಾಜ್ಯಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳು ಈ ಎಲೆಯನ್ನೇ ತಿಂದು, ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತವೆ. ಈ ರಜೆಯಲ್ಲಿ ಹೋದಾಗ ಎಲೆಯ ಅಡಿಯಲ್ಲಿ ಮೈತುಂಬ ಮೆತ್ತನೆಯ ಮುಳ್ಳುಗಳಿದ್ದ ಕಪ್ಪು ಹುಳು ಕಂಡೆ. ‘ಅಜ್ಜೀ, ಬಳ್ಳಿ ಇರಲಿ, ಹುಳುವಿಗೆ ಬೇಕು. ಕಷಾಯಕ್ಕೆ ಮಾತ್ರ ಹಾಕಬೇಡಿ’ ಎಂದು ಹೇಳಿ ಬಂದಿದ್ದೇನೆ.

ಫು ಜಿ: ಇಲ್ಲಿ ಪ್ರಶ್ನೆಯೇ ಬೇರೆ

ಫು ಜಿ ಎಂದರೆ ಅಕೋನೈಟ್ ಬೇರು. ಇದರಲ್ಲಿ ಗಿಡ ಅದಲುಬದಲಾಗುವುದಕ್ಕಿಂತ ಸಂಸ್ಕರಣೆ ಕೆಡುವುದೇ ಹೆಚ್ಚಿನ ತೊಂದರೆ. ಇದರಲ್ಲಿರುವ ಅಕೋನಿಟಿನ್ ಎಂಬ ವಿಷ ನರ ಮತ್ತು ಹೃದಯದ ಸೋಡಿಯಂ ಕಾಲುವೆಗಳನ್ನು ಮುಚ್ಚಲು ಬಿಡುವುದಿಲ್ಲ. ಬಾಯಿ, ನಾಲಿಗೆ ಜೋಮು ಹಿಡಿಯುತ್ತದೆ, ವಾಂತಿಯಾಗುತ್ತದೆ, ಹೃದಯದ ಲಯ ತಪ್ಪುತ್ತದೆ. ಇದೆಲ್ಲ ಒಂದೆರಡು ಗಂಟೆಯೊಳಗೆ. ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅಣುವಿನಿಂದ ಮೊದಲು ಅಸಿಟೈಲ್ ಗುಂಪು ಕಳಚುತ್ತದೆ, ಆಮೇಲೆ ಬೆನ್ಜೋಯಿಲ್. ಪ್ರತಿ ಹೆಜ್ಜೆಗೂ ವಿಷ ಬಹಳ ಇಳಿಯುತ್ತದೆ. ಅದಕ್ಕೇ ಚೀನೀ ವೈದ್ಯರು ಉಳಿದ ಮೂಲಿಕೆಗಳಿಗಿಂತ ಮೊದಲು ಇದನ್ನೊಂದನ್ನೇ ಕುದಿಯಲು ಇಡಿಸುತ್ತಾರೆ. ನಮ್ಮ ಆಯುರ್ವೇದದಲ್ಲಿ ವತ್ಸನಾಭಿಗೆ (ಅದೂ ಅಕೋನೈಟೇ) ಶೋಧನ ಮಾಡುವುದೂ ಇದೇ ಕಾರಣಕ್ಕೆ. ಬೇರನ್ನು ಮದ್ಯದಲ್ಲಿ ನೆನೆಸಿ ಕುಡಿಯುವುದು ಅತಿ ಅಪಾಯಕಾರಿ: ಮದ್ಯ ವಿಷವನ್ನು ಹೀರಿ ತೆಗೆಯುತ್ತದೆ, ಒಡೆಯುವುದಿಲ್ಲ.

ಉಳಿದವು ಚುಟುಕಾಗಿ

ಮಾ ಹುವಾಂಗ್, ಅಂದರೆ ಎಫಿಡ್ರಾ: ಒಳಗಿರುವುದು ಎಫಿಡ್ರಿನ್, ತೊಂದರೆ ರಕ್ತದೊತ್ತಡಕ್ಕೆ, ಹೃದಯಕ್ಕೆ. ಅಮೆರಿಕ 2004ರಲ್ಲಿ ಎಫಿಡ್ರಾ ಇರುವ ಪೂರಕ ಆಹಾರಗಳನ್ನು ನಿಷೇಧಿಸಿತು. ಪಿಸಿ-ಸ್ಪೆಸ್: ಪ್ರಾಸ್ಟೇಟ್ ರೋಗಿಗಳಿಗೆಂದು ಮಾರುತ್ತಿದ್ದ ಮೂಲಿಕೆ ಮಿಶ್ರಣ, ಒಳಗೆ ವಾರ್ಫರಿನ್‌ನಂಥ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಔಷಧಗಳು ಬೆರೆತಿದ್ದವು, 2002ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಇದರಲ್ಲಿ ಗಿಡವನ್ನು ದೂರುವುದು ಅನ್ಯಾಯ. ಹ ಶೌ ವು: ಸರಿಯಾದ ಗಿಡ, ಸರಿಯಾದ ಸಂಸ್ಕರಣೆ ಇದ್ದರೂ ಕೆಲವರಿಗೆ ಮಾತ್ರ ಯಕೃತ್ತು ಕೆಡುತ್ತದೆ. ಎಚ್‌ಎಲ್‌ಎ-ಬಿ 35:01 ಎಂಬ ಜೀನ್ ರೂಪ ಇರುವವರಲ್ಲಿ ಅಪಾಯ ಹೆಚ್ಚು. ಇಲ್ಲಿ ಕೇಳಬೇಕಾದ ಪ್ರಶ್ನೆ ‘ಯಾವ ಗಿಡ’ ಎಂಬುದಲ್ಲ, ‘ಯಾರ ದೇಹ’ ಎಂಬುದು. ಈ ಜೀನ್ ಭಾಗವನ್ನು ಮುಂದಿನ ವಾರ ಓದುತ್ತೇನೆ.